41 ಸಾವಿರ ಫೋಟೋ ಉಂಟು, ಅಜ್ಜಿಮನೆಯ ಅಡುಗೆಮನೆಯದ್ದು ಒಂದೂ ಇಲ್ಲ

ಗಾಜಿನಹಂಚು (ಬಿಜೈ, ಮಂಗಳೂರು)

ಹಿರಿಯಡ್ಕದ ಹತ್ತಿರ ನಮ್ಮ ಅಜ್ಜಿಮನೆ ಇತ್ತು. ಈ ಮಾರ್ಚಿನಲ್ಲಿ ಕೆಡವಿದರು. ಅಜ್ಜಿ ಹೋಗಿ ಎರಡು ವರ್ಷ ಆಯಿತು. ಮಾವನಿಗೆ ತಾರಸಿ ಮನೆ ಬೇಕಿತ್ತು, ಅದರಲ್ಲಿ ತಪ್ಪೇನೂ ಇಲ್ಲ. ಪ್ರತಿವರ್ಷ ಮಳೆಗೆ ಮುಂಚೆ ಮಾಡು ಹತ್ತಿ ಹಂಚು ಸರಿಮಾಡಲು ಈಗ ಜನ ಎಲ್ಲಿ ಸಿಗುತ್ತಾರೆ?

ಮೊನ್ನೆ ತಂಗಿ ಫೋನ್ ಮಾಡಿದಳು. "ಅಡುಗೆಮನೆಯ ಒಂದು ಫೋಟೋ ಕಳಿಸು, ಫ್ರೇಮ್ ಹಾಕಿಸ್ತೇನೆ. ನಿನ್ನ ಹತ್ತಿರ ಇಲ್ಲದೆ ಇನ್ಯಾರ ಹತ್ತಿರ ಇರ್ತದೆ?" ಕುಟುಂಬದಲ್ಲಿ ಫೋಟೋ ತೆಗೆಯುವವ ಅಂದರೆ ನಾನೇ. 2016ರಲ್ಲಿ ಕಂತು ಕಟ್ಟಿ ಕ್ಯಾಮೆರಾ ತೆಗೆದುಕೊಂಡವ.

ಮೂರು ರಾತ್ರಿ ಹುಡುಕಿದೆ. ಎರಡು ಹಾರ್ಡ್ ಡಿಸ್ಕ್, ಫೋನು, ಕ್ಲೌಡ್ ಎಲ್ಲ ಸೇರಿ 41 ಸಾವಿರದ ಚಿಲ್ಲರೆ. ಅದರಲ್ಲಿ ಮಲ್ಪೆಯ ಸೂರ್ಯಾಸ್ತವೇ 2,300. ಕಾಪು ದೀಪಸ್ತಂಭ ಎಲ್ಲ ಕೋನದಿಂದಲೂ ಉಂಟು. 1901ರಲ್ಲಿ ಅದನ್ನು ಕಟ್ಟಿದವರೂ ಅಷ್ಟು ಸಲ ನೋಡಿರಲಿಕ್ಕಿಲ್ಲ. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು, ಮರವಂತೆಯಲ್ಲಿ ಒಂದು ಬದಿ ಸಮುದ್ರ ಇನ್ನೊಂದು ಬದಿ ಸೌಪರ್ಣಿಕಾ, ಪಣಂಬೂರಿನ ಒಂಟೆ ಸವಾರಿ. ಅಜ್ಜಿಮನೆ ಅಂತ ಹುಡುಕಿದರೆ ಸಿಕ್ಕಿದ್ದು ದೀಪಾವಳಿಯ ಹಣತೆ (ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿ ತುಂಬ ಅಗಲ ತೆರೆದು ತೆಗೆದದ್ದು, ಹಿಂದಿನದ್ದೆಲ್ಲ ಮಸುಕು, ಆಗ ಅದೊಂದು ಹುಚ್ಚು) ಮತ್ತು ಬಾವಿಕಟ್ಟೆಯ ಮೇಲೆ ಕೂತ ಮಿಂಚುಳ್ಳಿ. ಅಡುಗೆಮನೆ ಇಲ್ಲವೇ ಇಲ್ಲ.

ಆ ಅಡುಗೆಮನೆಯಲ್ಲಿ ಕಡೆಯುವ ಕಲ್ಲಿನ ನೇರ ಮೇಲೆ ಒಂದು ಗಾಜಿನ ಹಂಚು ಇತ್ತು. ಹನ್ನೊಂದು ಗಂಟೆ ಹೊತ್ತಿಗೆ ಬಿಸಿಲು ಕೋಲಿನ ಹಾಗೆ ಒಳಗಿಳಿಯುತ್ತಿತ್ತು. ಒಲೆಯ ಹೊಗೆ ಆ ಕೋಲಿನೊಳಗೆ ಬಂದಾಗ ಮಾತ್ರ ಕಾಣುತ್ತಿತ್ತು, ದಾಟಿದ ಕೂಡಲೇ ಮಾಯ. ಉಳಿದ ಹಂಚುಗಳ ಸಂದಿಯಿಂದ ಕೆಂಪು ನೆಲದ ಮೇಲೆ ದುಂಡಗಿನ ಬೆಳಕಿನ ಚುಕ್ಕೆಗಳು ಬೀಳುತ್ತಿದ್ದವು. ಚಿಕ್ಕವರಿರುವಾಗ ಅವನ್ನು ಅಂಗೈಯಲ್ಲಿ ಹಿಡಿಯುವುದು ನಮಗೆ ಆಟ.

2019ರ ಡಿಸೆಂಬರ್ 26, ಸೂರ್ಯಗ್ರಹಣ. ನಾನು ಅಂಗಳದಲ್ಲಿ ಟ್ರೈಪಾಡ್ ನೆಟ್ಟು, ಲೆನ್ಸ್‌ಗೆ ಸೋಲಾರ್ ಫಿಲ್ಟರ್ ಕಟ್ಟಿ ಕಾದು ನಿಂತಿದ್ದೆ. ಅಜ್ಜಿ ಗ್ರಹಣದ ಹೊತ್ತಿಗೆ ಹೊರಗೆ ಬರುವವರಲ್ಲ. ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು ಒಳಗೇ ಕೂತಿದ್ದರು. ಒಂಬತ್ತು ದಾಟಿದ ಮೇಲೆ ಒಳಗಿನಿಂದ ಕೂಗಿದರು. "ಬಾ ಮಗಾ ಇಲ್ಲಿ, ನೆಲದ ಮೇಲೆಲ್ಲ ಕುಡುಗೋಲು ಬಿದ್ದಿದೆ!"

"ಬಂದೆ ಅಜ್ಜಿ" ಅಂದೆ. ಹೋಗಲಿಲ್ಲ.

ಅವತ್ತಿನ ಸೂರ್ಯನಿಗೆ 186 ಲೈಕ್ ಬಂತು. ಅದೇ ಸೂರ್ಯನನ್ನು ನನಗಿಂತ ಚೆನ್ನಾಗಿ ತೆಗೆದವರು ಅವತ್ತು ಎಷ್ಟು ಜನ ಇದ್ದರೋ. ನೆಲದ ಮೇಲಿನ ಕುಡುಗೋಲು ನೋಡಿದವರು ಅಜ್ಜಿ ಒಬ್ಬರೇ.

ತೋರಿಸಲಿಕ್ಕೆ ಏನೂ ಇಲ್ಲ ಅಂತ ಬಿಟ್ಟ ಜಾಗವೇ ಈಗ ಬೇಕಾಗಿದೆ. ನಿಮಗೂ ಹೀಗೆ ಆಗಿದೆಯಾ? ಆದ ಮೇಲೆ ಏನು ಮಾಡಿದಿರಿ?

ಮದುವೆಮನೆ (ಉಡುಪಿ)

ನಾನು ಹೊಟ್ಟೆಪಾಡಿಗೆ ಫೋಟೋ ತೆಗೆಯುವವ, ಅದಕ್ಕೇ ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ. ಒಂದು ಮದುವೆಗೆ ನಾಲ್ಕು ಸಾವಿರ ಫ್ರೇಮ್ ಹೊಡೆಯುತ್ತೇವೆ. ಮುಹೂರ್ತ ಮುಗಿದು ಊಟಕ್ಕೆ ಕೂರುವ ಮೊದಲೇ "ರೀಲ್ ಆಯ್ತಾ?" ಅಂತ ಕೇಳುತ್ತಾರೆ. ರಾತ್ರಿ ಎರಡರವರೆಗೆ ಎಡಿಟಿಂಗ್. ಮಣಿಕಟ್ಟು ನೋವು ಈಗ ಸೀಸನ್‌ನಲ್ಲಿ ಬರುವ ನೆಂಟ. ಹಾಗಾಗಿ "ಸ್ವಲ್ಪ ದಿನ ಕ್ಯಾಮೆರಾ ಬಿಡಿ" ಅಂತ ಯಾರಾದರೂ ಉಪದೇಶ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಬಿಟ್ಟರೆ ಗಂಜಿ ಯಾರು ಕೊಡುತ್ತಾರೆ?

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಉಂಟು. ತಿಂಗಳಿಗೆ ಎರಡಾದರೂ ಇಂಥ ಫೋನ್ ಬರುತ್ತದೆ: "ಮೂರು ವರ್ಷ ಹಿಂದೆ ನಮ್ಮ ಮದುವೆ ತೆಗೆದಿದ್ದಿರಲ್ಲ, ಅದರಲ್ಲಿ ಅಪ್ಪನ ಮುಖ ಸರಿಯಾಗಿ ಬಂದದ್ದು ಒಂದು ಬೇಕಿತ್ತು. ನಾಳೆ ಪೇಪರಿಗೆ ಕೊಡಲಿಕ್ಕೆ." ಕಾರಣ ಕೇಳುವ ಹಾಗಿಲ್ಲ. ಗುಂಪು ಫೋಟೋದಿಂದ ಕತ್ತರಿಸಿ ಕಳಿಸುತ್ತೇನೆ. ಹೆಗಲ ಮೇಲೆ ಪಕ್ಕದವರ ಕೈ ಇದ್ದರೆ ಅಳಿಸುತ್ತೇನೆ. ಒಂದು ಸಲ ಅಳಿಸಲಿಕ್ಕೆ ಆಗಲಿಲ್ಲ, ಬೆರಳು ಉಳಿಯಿತು. ಆ ಮನೆಯಲ್ಲಿ ಫ್ರೇಮ್‌ನೊಳಗೆ ಇವತ್ತಿಗೂ ಆ ನಾಲ್ಕು ಬೆರಳು ಉಂಟು.

ಎಲ್ಲರ ಮನೆಯಲ್ಲೂ ಫೋನ್ ಇರುತ್ತದೆ, ಆದರೆ ಅಪ್ಪ ಒಬ್ಬರೇ ಇರುವ ಒಂದು ಫೋಟೋ ಇರುವುದಿಲ್ಲ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಮನೆ ಹಾಗೆ.

ದಕ್ಕೆಬೆಳಗು (ಬೋಳಾರ)

2,300 ಸೂರ್ಯಾಸ್ತ! ಸೂರ್ಯನೇ ಒಮ್ಮೆ ರಜೆ ಕೇಳಿಯಾನು ಮಾರಾಯ್ರೆ.

ನಾನು ಬೆಳಿಗ್ಗೆ ಐದಕ್ಕೆ ದಕ್ಕೆಗೆ ಹೋಗಿ ಮೀನು ಇಳಿಸುವುದನ್ನು ತೆಗೆಯುತ್ತೇನೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಅಲ್ವಾ, ಆ 61 ದಿನ ನನಗೂ ರಜೆ. ಆಗ ಕಾರ್ಡ್ ಖಾಲಿ ಮಾಡುವುದೇ ಕೆಲಸ. ವರ್ಷದ್ದು ಕೂತು ನೋಡಿ ನೂರು ಇಟ್ಟುಕೊಳ್ಳುತ್ತೇನೆ. ಬಾಕಿ ಡಿಲೀಟ್. ಮೊದಲ ವರ್ಷ ಕೈ ನಡುಗಿತು, ಈಗ ಅಭ್ಯಾಸ ಆಗಿದೆ.

ಮಣಿಪಾಲಮಳೆ (ಮಣಿಪಾಲ)

ಸೈಕಾಲಜಿ ಓದುತ್ತಿದ್ದೇನೆ. ಇದರ ಬಗ್ಗೆ ಕ್ಲಾಸಿನಲ್ಲಿ ಬಂದದ್ದು ಒಂದು ಹೇಳುತ್ತೇನೆ. ಅಮೆರಿಕದ ಲಿಂಡಾ ಹೆಂಕೆಲ್ ಎಂಬ ಪ್ರಾಧ್ಯಾಪಕಿ ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಕೆಲವು ವಸ್ತು ಸುಮ್ನೆ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಮರುದಿನ ಕೇಳಿದಾಗ, ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಅಂತ ತಲೆ ಕೈಬಿಡುತ್ತದೆ ಎಂಬ ಅರ್ಥದಲ್ಲಿ ಇದನ್ನು ಎಲ್ಲರೂ ಹೇಳುತ್ತಾರೆ.

ಆದರೆ ಅದೇ ಅಧ್ಯಯನದ ಇನ್ನೊಂದು ಭಾಗ ಯಾರೂ ಹೇಳುವುದಿಲ್ಲ. ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರ ನೆನಪು ಹಾಗೆ ಕೆಡಲಿಲ್ಲ. ಝೂಮ್ ಮಾಡದೆ ಬಿಟ್ಟ ಭಾಗವೂ ಅವರಿಗೆ ನೆನಪಿತ್ತು. ಅಂದರೆ ತಕರಾರು ಕ್ಯಾಮೆರಾದ ಮೇಲಲ್ಲ, ಒತ್ತಿ ಮುಂದೆ ಹೋಗುವುದರ ಮೇಲೆ.

ನಿಮ್ಮದು ತಿರುಗಾಮುರುಗಾ ಆಗಿದೆ ನೋಡಿ. ಫೋಟೋ ಇಲ್ಲದ ಅಡುಗೆಮನೆ ಹೊಗೆಯ ಸಮೇತ ನೆನಪಿದೆ. ಆ 2,300ರಲ್ಲಿ ಒಂದಾದರೂ ಸಂಜೆ ನೆನಪಿದೆಯಾ?

ಗಾಜಿನಹಂಚು

ಒಂದು ನೆನಪಿದೆ. ಅವತ್ತು ಬ್ಯಾಟರಿ ಸತ್ತಿತ್ತು.

ಬ್ರಹ್ಮಾವರಟೀಚರ್

ಕುಡುಗೋಲಿನ ವಿಷಯ ಓದಿ ಮೈ ಜುಮ್ ಅಂದಿತು. ವಿಜ್ಞಾನ ಕಲಿಸುವವಳು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ನಿಮ್ಮ ಅಜ್ಜಿ ನೋಡಿದ್ದು ಸೂರ್ಯನ ಫೋಟೋವನ್ನೇ. ಹಂಚಿನ ಸಂದಿ ತ್ರಿಕೋನವಾಗಿರಲಿ, ವಕ್ರವಾಗಿರಲಿ, ಸಾಕಷ್ಟು ಸಣ್ಣದಿದ್ದರೆ ನೆಲದ ಚುಕ್ಕೆ ದುಂಡಗೇ ಇರುತ್ತದೆ. ಯಾಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಆಕಾರ. ಗ್ರಹಣದಲ್ಲಿ ಸೂರ್ಯ ಕುಡುಗೋಲಾದರೆ ಚುಕ್ಕೆಯೂ ಕುಡುಗೋಲು, ಅದೂ ತಲೆಕೆಳಗಾಗಿ. ಪಿನ್‌ಹೋಲ್ ಕ್ಯಾಮೆರಾ ಅಂದರೆ ಇಷ್ಟೇ. ಅಳತೆಯ ಲೆಕ್ಕವೂ ಸುಲಭ. ಸಂದಿಯಿಂದ ನೆಲಕ್ಕೆ ಬೆಳಕು ಎಷ್ಟು ದೂರ ಬರುತ್ತದೋ ಅದನ್ನು ಸುಮಾರು 108ರಿಂದ ಭಾಗಿಸಿ. ಮೂರು ಮೀಟರ್ ಆದರೆ ಹತ್ತಿರ ಹತ್ತಿರ 2.8 ಸೆಂಟಿಮೀಟರ್, ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅಂಗೈಯಲ್ಲಿ ಹಿಡಿಯುತ್ತಿದ್ದಿರಲ್ಲ, ಸರಿಯಾದ ಅಳತೆಯೇ.

ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಕರಾವಳಿಯ ಅರ್ಧ ಜನ ಕ್ಯಾಮೆರಾದೊಳಗೇ ಕೂತು ಊಟ ಮಾಡಿದ್ದಾರೆ!

ನಾನು ಏಳನೇ ಕ್ಲಾಸಿನ ಮಕ್ಕಳಿಗೆ ಚಪ್ಪಲಿ ಡಬ್ಬಿಯಲ್ಲಿ ಇದನ್ನು ಮಾಡಿಸುತ್ತೇನೆ. ಒಂದು ಬದಿಗೆ ಚಾಕೊಲೇಟಿನ ಬೆಳ್ಳಿ ಕಾಗದ, ಅದಕ್ಕೆ ಸೂಜಿಯ ತೂತು. ಎದುರು ಬದಿಗೆ ಎಣ್ಣೆ ಸವರಿದ ತೆಳು ಕಾಗದ. ತಲೆಗೆ ಶಾಲು ಮುಚ್ಚಿಕೊಂಡು ತೆಂಗಿನಮರದ ಕಡೆ ಹಿಡಿದರೆ ಕಾಗದದ ಮೇಲೆ ತಲೆಕೆಳಗಾದ ಮರ, ಬಣ್ಣದ ಸಮೇತ. ಮನೆಯಲ್ಲಿ ದಿನಾ ಮೂರು ಗಂಟೆ ಫೋನ್ ನೋಡುವ ಹುಡುಗನೊಬ್ಬ ಆ ಡಬ್ಬಿ ಕೊಡಲಿಕ್ಕೇ ಒಪ್ಪಲಿಲ್ಲ. "ಟೀಚರ್, ಗರಿ ಅಲ್ಲಾಡ್ತಾ ಉಂಟು!" ಅಂತ ಕಿರುಚಿದ. ವಿಡಿಯೋದಲ್ಲಿ ಅವನು ಎಂತೆಂಥದ್ದೋ ಅಲ್ಲಾಡುವುದನ್ನು ನೋಡಿದ್ದಾನೆ. ಇದು ಅವನೇ ತೂತು ಮಾಡಿದ ಡಬ್ಬಿ, ಅದಕ್ಕೇ ಇರಬೇಕು.

ಇದರಲ್ಲಿ ಸೂರ್ಯನನ್ನು ನೇರ ನೋಡಬಾರದು ಅಂತ ಮಾತ್ರ ಎರಡೆರಡು ಸಲ ಹೇಳಿ. ನಾನು ಐದು ಸಲ ಹೇಳುತ್ತೇನೆ.

ಆಟಿಕಳೆಂಜ (ಸುರತ್ಕಲ್)

ವಿಷಯ ತಪ್ಪಿಸುತ್ತಿದ್ದೇನೆ ಅಂತ ಬೈಯಬೇಡಿ, ನನಗೂ ಹೀಗೇ ಒಂದು ಪಾಠ ಆಗಿದೆ.

ಎರಡು ವರ್ಷ ಹಿಂದೆ ಬೇಜಾರು ಬಂದು ಕ್ಯಾಮೆರಾ ಬಿಟ್ಟೆ. ಚರ್ಮದ ಬ್ಯಾಗಿನಲ್ಲಿ ಹಾಕಿ ಗೋದ್ರೇಜ್ ಕಪಾಟಿನಲ್ಲಿಟ್ಟೆ. ಮೇ ತಿಂಗಳಲ್ಲಿ ಇಟ್ಟದ್ದು, ಸೆಪ್ಟೆಂಬರಿನಲ್ಲಿ ತೆಗೆದೆ. ಲೆನ್ಸ್ ಬೆಳಕಿಗೆ ಹಿಡಿದರೆ ಒಳಗೆ ಜೇಡನ ಬಲೆಯ ಹಾಗೆ ಸಪೂರ ಎಳೆಗಳು. ಫಂಗಸ್. ಗಾಜಿನ ಮೇಲಿನ ಲೇಪವನ್ನೇ ತಿಂದಿತ್ತು. ಬಿಚ್ಚಿ ತೊಳೆಸಲು ಹೇಳಿದ ದರಕ್ಕೆ ಹಳೇ ಲೆನ್ಸ್ ಇನ್ನೊಂದು ಬರುತ್ತಿತ್ತು.

ನಮ್ಮ ಊರಿನ ಮಳೆಗಾಲದಲ್ಲಿ ಚರ್ಮದ ಬ್ಯಾಗ್, ಮುಚ್ಚಿದ ಕಪಾಟು ಎರಡೂ ಬೇಡ. ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಸಣ್ಣ ಮೀಟರ್ ಇಡಿ. 45ರಿಂದ 50 ಶೇಕಡಾ ಇದ್ದರೆ ಸಾಕು, ತೀರಾ ಒಣಗಿದರೆ ರಬ್ಬರ್ ಹಾಳು. ನೀಲಿ ಜೆಲ್ ಗುಲಾಬಿ ಆದರೆ ತೇವ ಕುಡಿದಿದೆ ಅಂತ. ಬಿಸಿಮಾಡಿ ಒಣಗಿಸಿದರೆ ಮತ್ತೆ ನೀಲಿ. ಆದರೆ ಅಡುಗೆ ಪಾತ್ರೆಯಲ್ಲಿ ಬೇಡ, ಆ ನೀಲಿ ಬಣ್ಣದ ರಾಸಾಯನಿಕ ಒಳ್ಳೆಯದಲ್ಲ. ಅಕ್ಕಿಡಬ್ಬಿಯಲ್ಲಿ ಲೆನ್ಸ್ ಹೂತಿಡುವವರಿದ್ದಾರೆ, ಧೂಳು ಮಾತ್ರ ಲಾಭ. ಎಸಿ ಬಸ್ಸಿನಿಂದ ಇಳಿದ ಕೂಡಲೇ ಬ್ಯಾಗ್ ತೆಗೆಯಬೇಡಿ, ಗಾಜಿಗೆ ಮಂಜು ಕೂರುತ್ತದೆ. ಇಪ್ಪತ್ತು ನಿಮಿಷ ಕಾಯಿರಿ.

ಇದೆಲ್ಲಕ್ಕಿಂತ ಸುಲಭದ ಮದ್ದು, ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು. ಹಾಗಾಗಿ ಈಗ ಆಟಿಯಲ್ಲೂ (ತುಳುವರ ಜಡಿಮಳೆಯ ತಿಂಗಳು) ಭಾನುವಾರ ತೆಗೆಯುತ್ತೇನೆ. ಎಲ್ಲೂ ಹೋಗುವುದಿಲ್ಲ. ಜಗಲಿಯಲ್ಲಿ ಕೂತು ಹೆಂಡತಿ ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯುವುದು, ಕೊಡೆ ಒಣಗಿಸಿದ್ದು, ಪಾಚಿಗಟ್ಟಿದ ಗೋಡೆ. ಯಾರಿಗೂ ಕಳಿಸುವ ಹಾಗಿಲ್ಲದ ಫೋಟೋಗಳು. ಫಂಗಸ್ ಬಾರದಿರಲಿ ಅಂತ ಶುರುವಾದದ್ದು.

ರಾತ್ರಿಪಾಳಿ (ಕದ್ರಿ)

ನನ್ನದು ಇನ್ನೊಂದು ಕಥೆ. ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ನಿದ್ದೆಗೆ ಮೊದಲು ಒಂದು ಫೋಟೋ ಹಾಕುವುದು ಅಭ್ಯಾಸ ಆಗಿತ್ತು. ಕದ್ರಿ ಪಾರ್ಕಿನ ಮಂಜು, ಬಸ್ ಸ್ಟಾಪಿನ ನಾಯಿ ಹೀಗೆ. ಹಾಕಿದ ಮೇಲೆ ನಿದ್ದೆ ಬರುವುದಿಲ್ಲ. ಕಣ್ಣು ಮುಚ್ಚುವುದು, ತೆರೆದು ನೋಡುವುದು, ಹನ್ನೆರಡು ಲೈಕ್. ಮತ್ತೆ ಮುಚ್ಚುವುದು, ಹದಿನಾಲ್ಕು. ನಾಯಿಯ ಫೋಟೋಗೆ ಕಡಿಮೆ ಬಂದ ದಿನ ನಾಯಿಯ ಮೇಲೇ ಕೋಪ ಬಂದಿತ್ತು. ಸುಳ್ಳಲ್ಲ.

ಆ್ಯಪ್ ತೆಗೆದೆ, ಹತ್ತು ದಿನಕ್ಕೆ ವಾಪಸ್ ಹಾಕಿದೆ. ಮೂರು ಸಲ ಹೀಗಾಯಿತು. ಕೊನೆಗೆ ಕೆಲಸ ಮಾಡಿದ್ದು ಬಹಳ ಸಣ್ಣದು: ಫೋನಿನ ಚಾರ್ಜರನ್ನು ಅಡುಗೆಮನೆಗೆ ಹಾಕಿದೆ. ಮಂಚದಿಂದ ಎದ್ದು ಹೋಗಲು ಸೋಮಾರಿತನ. ನನ್ನ ಸೋಮಾರಿತನದಿಂದ ಜೀವನದಲ್ಲಿ ಆದ ಒಂದೇ ಉಪಕಾರ ಇದು.

ಇನ್ನೊಂದು ಮಾತು ಹೇಳಬೇಕೋ ಬೇಡವೋ. ಅಪ್ಪ ತೀರಿಕೊಂಡ ಮೇಲೆ ಫೋನು ತನ್ನಷ್ಟಕ್ಕೆ "ಈ ದಿನ, ನಾಲ್ಕು ವರ್ಷದ ಹಿಂದೆ" ಅಂತ ಅವರ ಮುಖ ತೋರಿಸುತ್ತಿತ್ತು. ಅದೂ ಹಾಡು ಸೇರಿಸಿ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಎಲ್ಲಿ ಬೇಕೆಂದರಲ್ಲಿ. ಹೆಚ್ಚಿನ ಫೋಟೋ ಆ್ಯಪ್‌ಗಳಲ್ಲಿ ಒಬ್ಬರ ಮುಖವನ್ನೋ ಕೆಲವು ದಿನಾಂಕಗಳನ್ನೋ ಈ ನೆನಪುಗಳಿಂದ ಮರೆಮಾಡುವ ಆಯ್ಕೆ ಇದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಫೋಟೋ ಅಳಿಯುವುದಿಲ್ಲ, ತಾನಾಗಿ ಎದುರು ಬರುವುದಿಲ್ಲ ಅಷ್ಟೇ. ನನಗೆ ಅಪ್ಪನನ್ನು ನೋಡಬೇಕು ಅನಿಸಿದಾಗ ನಾನೇ ಹೋಗುತ್ತೇನೆ.

ಹಳೇರೀಲ್ (ಕಾರ್ಕಳ)

ಎಲ್ಲ ಓದಿದೆ. ನಾನು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವ. ಇನ್ನು ಯಾರಾದರೂ ಬಂದು "ರೀಲಿನ ಕಾಲವೇ ಚೆಂದ, 36 ಫೋಟೋದಲ್ಲಿ ಎಲ್ಲ ಯೋಚಿಸಿ ತೆಗೀತಿದ್ರು" ಅನ್ನುವ ಮೊದಲು ನಾನೇ ಹೇಳಿಬಿಡುತ್ತೇನೆ.

ಯೋಚಿಸಿ ತೆಗೆಯುತ್ತಿದ್ದೆವು, ಹೌದು. ಆದರೆ ಆಗಲೂ ಅಡುಗೆಮನೆಯನ್ನು ಯಾರೂ ತೆಗೆಸಲಿಲ್ಲ. ರೀಲಿಗೆ ದುಡ್ಡು, ತೊಳೆಯಲಿಕ್ಕೆ ದುಡ್ಡು, ಪ್ರಿಂಟಿಗೆ ದುಡ್ಡು. ಅಷ್ಟು ಖರ್ಚು ಮಾಡಿ ಮಸಿ ಹಿಡಿದ ಗೋಡೆ ಯಾರಿಗೆ ಬೇಕು? ಎಲ್ಲರೂ ಚಾವಡಿಯಲ್ಲಿ ಕುರ್ಚಿ ಹಾಕಿ, ರೇಷ್ಮೆ ಉಟ್ಟು, ಉಸಿರು ಹಿಡಿದು ನಿಲ್ಲುವುದು. ಮತ್ತೆ ಎಷ್ಟೋ ಮನೆಗಳಲ್ಲಿ ಹೊರಗಿನವರನ್ನು ಅಡುಗೆಮನೆಗೆ ಬಿಡುತ್ತಲೂ ಇರಲಿಲ್ಲ. ಬಿಟ್ಟರೂ ಬೆಳಕಿಲ್ಲ. ಬೆಳಕು ಹೆಚ್ಚು ಬೇಡುವ 100 ಎಎಸ್‌ಎ ಫಿಲ್ಮಿನಲ್ಲಿ ಅಂಥ ಕತ್ತಲೆಗೆ ಲೆನ್ಸಿನ ಕಿಂಡಿ ಎಫ್ 2.8ರಷ್ಟು ಅಗಲ ಇಟ್ಟರೂ ಕಾಲು ಸೆಕೆಂಡು ಶಟರ್ ತೆರೆದಿಡಬೇಕು. ಅಜ್ಜಿ ಕಾಲು ಸೆಕೆಂಡು ನಿಲ್ಲುತ್ತಾರಾ? ಫ್ಲ್ಯಾಶ್ ಹೊಡೆದರೆ ಬಿಸಿಲಿನ ಕೋಲು ಸತ್ತುಹೋಗುತ್ತದೆ.

ನಿಮ್ಮ ಕೈಯಲ್ಲಿರುವ ಫೋನು ಆ ಕತ್ತಲೆಯನ್ನು ಆರಾಮವಾಗಿ ತೆಗೆಯುತ್ತದೆ. ನಮಗೆ ಆಗದ ಕೆಲಸ ನಿಮಗೆ ಆಗುತ್ತದೆ. ನೀವು ಮಲ್ಪೆಗೆ ಹೋದಿರಿ. ಬೈಯುತ್ತಿಲ್ಲ, ಲೆಕ್ಕ ಹೇಳಿದ್ದು.

ಒಂದು ಉಪಾಯ ಹೇಳುತ್ತೇನೆ. ಮೇಲೆ ಮದುವೆಮನೆಯವರು ಗುಂಪು ಫೋಟೋದಿಂದ ಕತ್ತರಿಸುವ ಮಾತು ಹೇಳಿದರಲ್ಲ? ಹಾಗೆಯೇ ನಿಮಗೆ ಬೇಕಾದದ್ದು ಬೇರೆ ಯಾರದ್ದೋ ಫೋಟೋದ ಹಿಂದೆ ಇರುತ್ತದೆ. ಆ ಮನೆಯಲ್ಲಿ ಆದ ಸೀಮಂತ, ನಾಮಕರಣ, ತೊಟ್ಟಿಲು, ಎಲ್ಲ ನೆಂಟರ ಆಲ್ಬಂ ತರಿಸಿ. ಮುಖ ನೋಡಬೇಡಿ. ಮೂಲೆ ನೋಡಿ.

ಪಿಲಿ (ಕುದ್ರೋಳಿ)

ಮೂಲೆ ಅಂದಾಗ ನೆನಪಾಯಿತು. ದಸರಾಕ್ಕೆ ಹುಲಿವೇಷ ಹಾಕುವವ ನಾನು. ಎಲ್ಲರೂ ರಸ್ತೆಯಲ್ಲಿ ಹಾರುವಾಗ ತೆಗೆಯುತ್ತಾರೆ. ಬಣ್ಣ ಬಳಿಸಿಕೊಂಡು ಎರಡು ಕೈ ಅಗಲಿಸಿ, ಒಣಗುವವರೆಗೆ ಕೂರಲಿಕ್ಕೂ ಆಗದೆ ನಿಂತಿರುತ್ತೇವಲ್ಲ, ಆಗ ಬಾಯಿಗೆ ಚಾ ಹಿಡಿಯುವವ ನನ್ನ ತಮ್ಮ. ಹದಿನೈದು ವರ್ಷದಿಂದ ಹಿಡಿಯುತ್ತಿದ್ದಾನೆ. ಅವನ ಒಂದು ಫೋಟೋ ಇಲ್ಲ. ಈ ಸಲ ತೆಗೆಸುತ್ತೇನೆ.

ಮತ್ತೆ ದೈವದ ಕೋಲದಲ್ಲಿ ಫೋನ್ ಎತ್ತಬೇಡಿ. ಹೇಳಲಿಕ್ಕೆ ಅವಕಾಶ ಸಿಕ್ಕಿತು, ಹೇಳಿದೆ.

ಗಾಜಿನಹಂಚು

ಎರಡು ವಾರ ಆಯಿತು, ಸಿಕ್ಕಿದ್ದನ್ನು ಹೇಳಲು ಬಂದೆ.

ಹಳೇರೀಲ್ ಅವರ ಮಾತು ಕೇಳಿ ಚಿಕ್ಕಮ್ಮ, ಮಾವ, ಮುಂಬೈಯ ದೊಡ್ಡಮ್ಮ ಎಲ್ಲರಿಗೂ ಹೇಳಿದೆ. ಏಳು ಆಲ್ಬಂ ಬಂದವು. ಮೊದಲ ಐದರಲ್ಲಿ ಚಾವಡಿ, ಕುರ್ಚಿ, ರೇಷ್ಮೆ. ನೀವು ಹೇಳಿದ ಹಾಗೆಯೇ, ಉಸಿರು ಹಿಡಿದವರು.

ಆರನೆಯದು ಚಿಕ್ಕಮ್ಮನ ಸೀಮಂತ, 1994. ಹೂ ಮುಡಿದ ಚಿಕ್ಕಮ್ಮ ನಡುವೆ, ಫ್ಲ್ಯಾಶಿಗೆ ಮುಖ ಬೆಳ್ಳಗೆ. ಹಿಂದೆ ಅಡುಗೆಮನೆಯ ಬಾಗಿಲು ಅರ್ಧ ತೆರೆದಿದೆ. ಫ್ಲ್ಯಾಶ್ ಅಲ್ಲಿಗೆ ತಲುಪಿಲ್ಲ. ಕತ್ತಲೆಯಲ್ಲಿ ಕಡೆಯುವ ಕಲ್ಲಿನ ಒಂದು ಬದಿ, ಅದರ ಮೇಲೆ ಒಂದು ಕೈ, ಎರಡು ಹಸಿರು ಬಳೆ. ಮುಖ ಬಾಗಿಲಿನ ಆಚೆ ಉಳಿದಿದೆ. ಅಜ್ಜಿಯದೇ ಕೈ ಅಂತ ಅಮ್ಮ ಹೇಳಿದರು, ಹೆಬ್ಬೆರಳು ನೋಡಿ. ಕಲ್ಲಿನ ಹತ್ತಿರ ನೆಲದ ಮೇಲೆ ಒಂದು ಬಿಳಿ ಚುಕ್ಕೆ. ಮೊದಲು ಪ್ರಿಂಟಿನ ಕಲೆ ಅಂದುಕೊಂಡೆ. ಲೆನ್ಸ್ ಇಟ್ಟು ನೋಡಿದೆ, ದುಂಡಗೆ ಉಂಟು.

ತಂಗಿಗೆ ಇನ್ನೂ ಹೇಳಿಲ್ಲ. ಸ್ಕ್ಯಾನ್ ಮಾಡಿಸಿ ಕೊಡುವ ಆಸೆ. ಒಂದೇ ತೊಂದರೆ, ಆಲ್ಬಂ ಅಂಟಿನ ಹಾಳೆಯದ್ದು, ಮೇಲೆ ಪ್ಲಾಸ್ಟಿಕ್. ಫೋಟೋ ಹಾಳೆಗೆ ಕಚ್ಚಿಕೊಂಡಿದೆ. ಎಳೆಯಲು ಧೈರ್ಯ ಬರುತ್ತಿಲ್ಲ.

ಹಳೇರೀಲ್

ಎಳೆಯಬೇಡಿ! ಮೊದಲು ಪ್ಲಾಸ್ಟಿಕ್ ಮಾತ್ರ ನಿಧಾನ ಎತ್ತಿ, ಫೋಟೋ ಹಾಳೆಯಲ್ಲೇ ಇರಲಿ. ಹಾಗೆಯೇ ಒಮ್ಮೆ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ. ಅದು ಕೈಗೆ ಬಂದ ಮೇಲೆ ಬೇಕಾದರೆ ಬಿಡಿಸುವ ಕೆಲಸ. ಹಲ್ಲು ಶುಚಿ ಮಾಡುವ ಫ್ಲಾಸ್ ದಾರ ಮೆಡಿಕಲ್‌ನಲ್ಲಿ ಸಿಗುತ್ತದೆ, ಮೇಣ ಇಲ್ಲದ್ದು ಕೇಳಿ. ಮೂಲೆಯಿಂದ ಫೋಟೋದ ಅಡಿಗೆ ತೂರಿಸಿ, ಗರಗಸದ ಹಾಗೆ ಹಿಂದೆ ಮುಂದೆ ಎಳೆಯುತ್ತ ಬನ್ನಿ. ನೀರು ಮುಟ್ಟಿಸಬೇಡಿ, ಹೇರ್ ಡ್ರೈಯರ್ ಬೇಡ.

ಚುಕ್ಕೆ ಯಾವ ಬದಿಗೆ ಉಂಟು? ಅದರ ಎದುರಿನ ಬದಿಯಿಂದ ಶುರುಮಾಡಿ.